ಬಪ್ಪತಿಗೆ ಕೊಡುವ ಟಿಕೆಟ್

ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗುವ ಬೆಳಗಿನ ಬಸ್ಸು. ಹಿಂದಿನ ಉದ್ದ ಸೀಟಿನಲ್ಲಿ ಮೀನು ಮಾರುವ ನಾಲ್ವರು ಹೆಂಗಸರು. ಅವರಲ್ಲಿ ಕಿಟಕಿಯ ಪಕ್ಕದವಳು ನನ್ನ ಚಿಕ್ಕಿ, ಅಮ್ಮನ ತಂಗಿ. ಬಾಗಿಲಿಗೆ ಒರಗಿ ಕಂಡಕ್ಟರು, ಕಂಬ ಹಿಡಿದು ನಾನು. ಚಿಕ್ಕಿಯೂ ನಾನೂ ಜರ್ಮನಿಯಿಂದ ಬಂದು ನಾಲ್ಕು ದಿನವಾಗಿತ್ತಷ್ಟೆ. ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು.

"ಹ್ವಾಯ್, ಅಲ್ಲಿನ್ ಬಸ್ಸಿನ್ ಕಥಿ ಹೇಳಿ ಕಾಂಬ" ಎಂದ ಕಂಡಕ್ಟರು.

ಕೇಳುವವರಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅಜ್ಜ ಅಜ್ಜಿಯರ ನಡುವೆ ಕೂತು ಮಾತು ಕಲಿತವ ನಾನು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ತಡೆದು ಹೇಳಬೇಕು, ಎಲ್ಲ ಗೊತ್ತು. ಶುರು ಮಾಡಿಯೇ ಬಿಟ್ಟೆ.

ಈ ಕಥೆಗೆ ನಮ್ಮ ಬಸ್ಸಿನ ಒಂದು ಪದ್ಧತಿ ತಿಳಿದಿರಬೇಕು. ಮೀನಿನ ಹೆಂಗಸರು ಬೆಳಿಗ್ಗೆ ಕೈಯಲ್ಲಿದ್ದುದನ್ನೆಲ್ಲ ಮೀನಿಗೇ ಸುರಿದು ಬಸ್ಸು ಹತ್ತುವವರು. ಸಾಲಿಗ್ರಾಮದಲ್ಲೋ ಬ್ರಹ್ಮಾವರದಲ್ಲೋ ಬುಟ್ಟಿ ಖಾಲಿಯಾದ ಮೇಲೇ ಸೆರಗಿನ ಗಂಟಿಗೆ ದುಡ್ಡು. ಹಾಗಾಗಿ ಕಂಡಕ್ಟರು ಹತ್ತಿರ ಬಂದರೆ "ಬಪ್ಪತಿಗೆ ಕೊಡ್ತೆ" ಎನ್ನುತ್ತಾರೆ, ಬರುವಾಗ ಕೊಡುತ್ತೇನೆ ಎಂದು. ಮಧ್ಯಾಹ್ನ ಬರುವಾಗ ಎರಡೂ ಕಡೆಯದನ್ನು ಒಟ್ಟಿಗೆ ಕೊಡುತ್ತಾರೆ. ಬರೆದಿಡುವುದಿಲ್ಲ, ನೆನಪಿಸುವುದೂ ಇಲ್ಲ. ಚಿಕ್ಕಿಯ ಮಟ್ಟಿಗೆ ಅದು ಬಾಕಿಯಲ್ಲ, ಅವಳ ಮಾತು. ಒಮ್ಮೆ ಜ್ವರ ಬಂದು ಯಾರದೋ ರಿಕ್ಷಾದಲ್ಲಿ ಮನೆಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಕೈ ತೂರಿಸಿ ಹಿಂದಿನ ದಿನದ್ದನ್ನು ಕೊಟ್ಟಳು.

ಅವಳ ಮಗಳು ಜರ್ಮನಿಯಲ್ಲಿ ನರ್ಸು. ಯಡ್ತರೆಯ ಅಳಿಯ ಅಲ್ಲೇ ಒಂದು ಹೋಟೆಲಿನಲ್ಲಿ ಅಡುಗೆಯವ. ಚೊಚ್ಚಲ ಹೆರಿಗೆ, ತಾಯಿ ಹೋಗದಿದ್ದರೆ ಹೇಗೆ? ಮುಂಬೈ ಕ್ಯಾಂಟೀನಿನಲ್ಲಿ ಬಹಳ ವರ್ಷ ಇದ್ದವ, ಹಿಂದಿ ಬರುತ್ತದೆ, ತುಂಡು ಇಂಗ್ಲಿಷೂ ಬರುತ್ತದೆ ಎಂದು ನನ್ನನ್ನು ಜೊತೆಗೆ ಕಳಿಸಿದರು.

ಅಲ್ಲಿಯ ಟ್ರಾಮಿನಲ್ಲಿ ಕಂಡಕ್ಟರಿಲ್ಲ. ಟಿಕೆಟನ್ನು ಮೊದಲೇ ಕೊಂಡಿಟ್ಟು, ಹತ್ತಿದ ಕೂಡಲೇ ಬಾಗಿಲ ಬಳಿಯ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಬೀಳದ ಟಿಕೆಟ್ ಕಿಸೆಯಲ್ಲಿದ್ದರೂ ಇಲ್ಲದ ಹಾಗೆಯೇ. ವಾರಗಟ್ಟಲೆ ಯಾರೂ ಕೇಳುವುದಿಲ್ಲ. ಕೇಳುವ ದಿನ ಸಾದಾ ಬಟ್ಟೆಯವರು ಪಕ್ಕದ ಸೀಟಿನಿಂದಲೇ ಎದ್ದು ಬರುತ್ತಾರೆ. ಹೊಸಬರು, ಗೊತ್ತಿರಲಿಲ್ಲ ಎಂದರೆ ಬಿಡುವವರಲ್ಲ. ಅಳಿಯ ಇಷ್ಟನ್ನೂ ಹೇಳಿಕೊಟ್ಟು, ದಿನಾ ಎರಡು ಟಿಕೆಟ್ ನನ್ನ ಕೈಗೇ ಕೊಡುತ್ತಿದ್ದ. ಎರಡು ದಿನ ಎರಡಕ್ಕೂ ಮುದ್ರೆ ಒತ್ತಿದೆ. ಚಿಕ್ಕಿ ಅದನ್ನು ಗಮನಿಸಿರಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೊರಟಾಗ ಅವಳು ಗಂಜಿಯ ಬುತ್ತಿಯನ್ನು ಚೀಲದಲ್ಲಿ ಹಿಡಿದು, ನಮ್ಮೂರ ಬಸ್ಸೇ ಎಂಬಂತೆ ಸೀದಾ ಹೋಗಿ ಕಡೆಯ ಸೀಟಿನಲ್ಲಿ ಕೂತಳು. ನಾನು ನನ್ನದಕ್ಕೆ ಮುದ್ರೆ ಒತ್ತಿದೆ.

"ಚಿಕ್ಕೀ, ನಿನ್ ಟಿಕೆಟ್ ಎಂತ ಮಾಡ್ವ?"

"ಕೇಂಬುಕೆ ಯಾರೂ ಬರ್ಲಿಲ್ಲೆ ಅಲ್ದಾ. ಬಪ್ಪತಿಗೆ ಕೊಡ್ವ."

ನಗು ತಡೆಯಲಾಗಲಿಲ್ಲ. ಅವಳ ಟಿಕೆಟನ್ನು ಕಿಸೆಯಲ್ಲೇ ಇಟ್ಟುಕೊಂಡೆ. ಏನಾಗುತ್ತದೋ ನೋಡೋಣ, ಊರಿಗೆ ಹೋಗಿ ಹೇಳಲು ಒಂದು ಕಥೆಯಾದರೂ ಸಿಕ್ಕೀತು ಎಂದುಕೊಂಡೆ.

ಎರಡು ನಿಲ್ದಾಣ ಕಳೆದಿರಲಿಲ್ಲ, ಒಬ್ಬ ಗಂಡಸು, ಒಬ್ಬಳು ಹೆಂಗಸು ಗುರುತಿನ ಚೀಟಿ ತೋರಿಸುತ್ತ ಅವಳೆದುರು ನಿಂತರು. ಚಿಕ್ಕಿ ಹೆದರಲಿಲ್ಲ. "ಬಪ್ಪತಿಗೆ ಕೊಡ್ತೆ ಮಗ, ಈ ಬಂಡಿಗೇ ಬತ್ತೆ" ಎಂದು, ಬಂದ ದಿಕ್ಕಿಗೆ ಕೈ ತೋರಿಸಿದಳು. ಅವರಿಗೆ ತಿಳಿಯಲಿಲ್ಲ. ಎದೆ ಮುಟ್ಟಿಕೊಂಡು ಮತ್ತೊಮ್ಮೆ ಹೇಳಿದಳು. ಮೂರನೆಯ ಸಲ ದನಿ ಒಡೆಯಿತು. ಜನರೆಲ್ಲ ತಿರುಗಿ ನೋಡುತ್ತಿದ್ದರು. ಅವಳು ನನ್ನತ್ತ ಬೆರಳು ಮಾಡಿದಳು. ನಿಮ್ಮ ಜೊತೆಯವರೇ ಎಂದು ಆ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದೆ.

ಅವಳನ್ನು ಇಳಿಸಿದರು. ನಾನು ಇನ್ನೊಂದು ಬಾಗಿಲಿಂದ ಇಳಿದು, ಆಮೇಲೆ ಹತ್ತಿರ ಹೋಗಿ ದಂಡ ಕಟ್ಟಿದೆ. ಚಿಕ್ಕಿ ಬುತ್ತಿಯ ಚೀಲವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು.

"ಅವ್ರಿಗೆ ನನ್ ಗುರ್ತ ಇಲ್ಲೆ, ಸೈ. ನೀ ಹೇಳುಕಾಯ್ತಿತ್ತಲ್ಲ ಮಗ, ಇವ್ಳ್ ದುಡ್ಡ್ ಕೊಡು ಹೆಂಗ್ಸ್ ಅಂದೇಳಿ."

"ನಂಗೆ ಅವ್ರ್ ಭಾಷಿ ಬತ್ತಿಲ್ಲೆ ಚಿಕ್ಕಿ" ಎಂದೆ.

ಅವತ್ತು ಬಸ್ಸಿನಲ್ಲಿ ಇಷ್ಟನ್ನೂ ಹೇಳಿದೆ, ಕಿಸೆಯ ಟಿಕೆಟೊಂದನ್ನು ಬಿಟ್ಟು, ಕಿಟಕಿಯ ಹೊರಗೆ ನೋಡಿದ್ದನ್ನು ಬಿಟ್ಟು. ಚಿಕ್ಕಿಯ ದನಿ ತೆಗೆದೆ, ಎದೆ ಮುಟ್ಟಿಕೊಂಡೂ ತೋರಿಸಿದೆ. ಬಸ್ಸಿಗೆ ಬಸ್ಸೇ ನಕ್ಕಿತು.

"ಜರ್ಮನಿಗ್ ಹೋಯಿಯೂ ಬಾಕಿ ಹೇಳಿ ಬಂದ್ಯಾ ಮಾರಾಯ್ತಿ" ಎಂದಳು ಪಕ್ಕದವಳು.

ಕಂಡಕ್ಟರು ಚೀಲ ಅಲ್ಲಾಡಿಸಿದ. "ಅಕ್ಕ, ಇವತ್ ಹ್ಯಾಂಗೆ, ಬಪ್ಪತಿಗೆಯಾ? ಪೊಲೀಸ್ರನ್ ಕರೂದಾ?"

ಚಿಕ್ಕಿ ನಗಲಿಲ್ಲ. ನನ್ನನ್ನು ಒಂದು ಸಲ ನೋಡಿ, ಮುಖವನ್ನು ಹೊರಗೆ ತಿರುಗಿಸಿಕೊಂಡಳು. ನಾನು ಇನ್ನೊಮ್ಮೆ ಮೊದಲಿಂದ ಹೇಳಿದೆ, ಮುಂದಿನ ಸೀಟಿನವರಿಗೆ ಕೇಳಿಸಿರಲಿಲ್ಲವಲ್ಲ.

ಆ ಕಥೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲ ಬಸ್ಸುಗಳನ್ನೂ ಹತ್ತಿತು. ಅವಳ ಮುಖ ಕಾಣದವರಿಗೂ ಕಥೆ ಗೊತ್ತು. ವರ್ಷದ ಮೇಲೆ ಆ ಬಸ್ಸಿಗೆ ಹೊಸ ಕಂಡಕ್ಟರು ಬಂದ. "ಆ ಕಥಿಯ ಹೆಂಗ್ಸ್ ನೀವೇ ಅಲ್ದಾ? ಮೊದ್ಲ್ ಕೊಡಿ, ಆಮೇಲ್ ಕೂಕಣಿ" ಎಂದ, ತಮಾಷೆಗಲ್ಲ. ಅವಳ ಕೈಯಲ್ಲಿ ದುಡ್ಡಿರಲಿಲ್ಲ. ಉಳಿದ ಮೂವರ ಕೈಯಲ್ಲೂ ಇರಲಿಲ್ಲ. ಎಲ್ಲಿ ತಮ್ಮನ್ನೂ ಕೇಳುತ್ತಾನೋ ಎಂದು ಅವರು ಬಾಯಿ ಬಿಡಲಿಲ್ಲ. ತೆಕ್ಕಟ್ಟೆಯಲ್ಲಿ ಬುಟ್ಟಿಯೊಂದಿಗೆ ಅವಳನ್ನು ಇಳಿಸಿದ. ಸಾಲಿಗ್ರಾಮದ ತನಕ ಹೊತ್ತು ನಡೆಯುವಷ್ಟರಲ್ಲಿ ಬಂಗುಡೆ ಮೆತ್ತಗಾಗಿ ಕೊಳ್ಳುವವರಿರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಆ ಮೂವರಲ್ಲಿ ಒಬ್ಬಳು. ಹೇಳುವಾಗ ಅವಳೂ ನಗುತ್ತಿದ್ದಳು.

ಆಮೇಲೆ ಚಿಕ್ಕಿ ಒಂದಿಷ್ಟು ಮೀನು ಕಡಿಮೆಯೇ ಕೊಂಡು, ಬಸ್ಸಿನ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದು ಹತ್ತುವಳು. ಕೇಳುವ ಮೊದಲೇ ಚಾಚುವಳು. ಅವಳ ಟಿಕೆಟ್ ನನ್ನ ಕಿಸೆಯಲ್ಲಿತ್ತೆಂದು ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ.

ಎರಡು ವರ್ಷ ಕಳೆದು ಮಗಳು ಮತ್ತೆ ಬಸುರಿಯಾದಳು. ದಿನಾ ಫೋನು ಮಾಡಿ ಅತ್ತು ಕರೆದಳು. "ಆ ಬಂಡಿ ಹತ್ತುವಳಲ್ಲ ನಾನ್" ಎಂದು ಚಿಕ್ಕಿ ಹೋಗಲೇ ಇಲ್ಲ. ಬಾಣಂತನಕ್ಕೆ ಯಡ್ತರೆಯಿಂದ ಅಳಿಯನ ತಾಯಿ ಹೋದರು.