ಪಕೀರಪ್ಪನ ಬಸ್ಸು ನಿಂತ ಜಾಗ

ಪಕೀರಪ್ಪ ಮೂವತ್ತು ವರ್ಷ ಮಾನ್ವಿ–ರಾಯಚೂರು ನಡುವೆ ಬಸ್ಸು ಓಡಿಸಿದವನು. ಕೈ ಮಾಡಿದವರನ್ನು ಬಿಟ್ಟು ಹೋದವನಲ್ಲ. ನನ್ನ ಯಜಮಾನರು ಹಾಸಿಗೆ ಹಿಡಿದಾಗ ರಾಯಚೂರಿನ ಆಸ್ಪತ್ರೆ ಬಾಗಿಲಿಗೇ ಬಸ್ಸು ತಂದು, ಅವರನ್ನು ತಾನೇ ಎತ್ತಿ ಇಳಿಸಿದ್ದ. ಹೋದ ವರ್ಷ ಯುಗಾದಿಯ ಮರುದಿನ, ಮೂತಿ ಮುಂದೆ ಚಾಚಿದ ಹಳೇ ಕಾಲದ ಗುಜರಿ ಬಸ್ಸೊಂದನ್ನು ತಂದ.

"ಯವ್ವಾ, ನಿಮ್ಮ ಖಾಲಿ ಜಾಗದಾಗ ಎರಡು ತಿಂಗ್ಳು ನಿಂದರಲಿ. ಇದನ್ನ ಮನಿ ಮಾಡಿಕೊಂಡು ನಾವು ಗಂಡ-ಹೆಂಡ್ತಿ ಊರೂರು ತಿರುಗ್ತೀವಿ" ಅಂದ. ಇಲ್ಲ ಅನ್ನಲಾಗಲಿಲ್ಲ.

ಆ ಜಾಗ ಮಾನ್ವಿಯ ನಮ್ಮ ಮನೆಯ ಬಗಲಿಗೇ ಇದೆ. ನಾಲ್ಕು ಮೂಲೆಗೆ ಕಲ್ಲು ಹುಗಿಸಿ ಯಜಮಾನರು ಬಿಟ್ಟುಹೋದದ್ದು ಅದೊಂದೇ. ದೇವದುರ್ಗದಲ್ಲಿ ನರ್ಸ್ ಆಗಿರುವ ಮಗಳು ಸವಿತಾ ಮುಂದೆ ಈ ಜಾಗದಲ್ಲೇ ಮನೆ ಕಟ್ಟಬೇಕು.

ಎರಡು ತಿಂಗಳು ಹೋಗಿ ಐದಾದವು. ವೆಲ್ಡಿಂಗ್ ಮಾಡುವ ವಲಿ ಪಾಷಾ ರಾಯಚೂರಿನಿಂದ ಬಂದು, ಕಿಟಕಿ ಪಕ್ಕದ ಒಂದು ಸೀಟು ಬಿಟ್ಟು ಉಳಿದದ್ದೆಲ್ಲ ಕಿತ್ತ. ಮಂಚ ಬಂತು, ಅಡುಗೆ ಕಟ್ಟೆ ಬಂತು, ಮೇಲೆ ನೀರಿನ ಟಾಕಿ ಬಂತು. ಆಮೇಲೆ ಒಂದು ದಿನ ಬಸ್ಸಿನಡಿಗೆ ಕಲ್ಲು ಕೊಟ್ಟು, ಆರೂ ಗಾಲಿ ಬಿಚ್ಚಿಕೊಂಡು ಹೋದರು.

"ಗಾಲಿ ಇಲ್ಲದ್ದು ಬಸ್ಸು ಹೆಂಗಾಗ್ತದ ಬೇ? ಮನಿ ಅದ ಅದು" ಅಂದಳು ಎದುರು ಮನೆಯ ಹೀರಾಬಿ. "ನಾಳಿ ಕರೆಂಟ್ ಮೀಟರ್ ಹಾಕಸ್ತಾನ. ಆಮ್ಯಾಲ ಎಬ್ಬಸು ನೋಡಾಮು!"

ಅಂದಿನಿಂದ ದಿನಾ ಮುಂಜಾನೆ ಅಳೆದೆ. ಮೂಲೆಗಲ್ಲಿನಿಂದ ಬಸ್ಸಿನ ಹಿಂಭಾಗಕ್ಕೆ ಒಂಬತ್ತು ಗೇಣು, ನಾಲ್ಕು ಬೆರಳು. ಒಂದು ದಿನ ನೋಡಿದರೆ ನಾಲ್ಕೂ ಕಲ್ಲಿಗೆ ಸುಣ್ಣ ಬಳಿದಿತ್ತು. ಪಕೀರಪ್ಪ ಜಾಗ ತನ್ನದೆಂದು ಗುರುತು ಹಾಕಿಕೊಂಡ ಅಂದುಕೊಂಡೆ.

ಶ್ರಾವಣದ ಕಡೇ ಶುಕ್ರವಾರ ಅವನ ಹೆಂಡತಿ ಮೌನೇಶ್ವರಿ ಬಸ್ಸಿನ ಮೆಟ್ಟಿಲಿಗೆ ಅರಿಷಿಣ ಬಳಿದು, ಒಳಗೆ ಹಾಲು ಉಕ್ಕಿಸಿದಳು. ಹಾಲು ಉಕ್ಕಿಸಿದ ಮೇಲೆ ಇನ್ನೇನು ಉಳಿಯಿತು? ಮನೆ ಹೊಕ್ಕಾಯಿತು. ನೆಟ್ಟಗೆ ಹೋದೆ.

"ಪಕೀರಪ್ಪಾ, ನನ್ನ ಜಾಗ ಖಾಲಿ ಮಾಡು."

ಮೌನೇಶ್ವರಿ ನಕ್ಕಳು. "ಇದು ಹನ್ನೊಂದನೇದು ನೋಡ್ರಿ. ಹತ್ತು ಬಾಡಿಗಿ ಮನ್ಯಾಗ ಇದ ಮಾತು ಕೇಳೀನಿ. ಹಾಲು ಉಕ್ಕಸೂದು, ಖಾಲಿ ಮಾಡೂದು. ಅದಕ್ಕ ನಮ್ಮ ಸಂಗಾಟ ಬರೂವಂಥ ಮನಿ ಮಾಡಸೀನಿ."

"ಬರಾಕ ಅದಕ್ಕ ಗಾಲಿ ಎಲ್ಲವ?"

"ರಾಯಚೂರಾಗ ಹೊಸ ರಬ್ಬರ್ ಹಾಕಸಾಕ ಕೊಟ್ಟೀನ್ರಿ" ಅಂದ ಪಕೀರಪ್ಪ. "ಅಮಾಸಿ ದಿನ ಹೊಂಡ್ತೀವಿ. ನಿಂಬಿಹಣ್ಣು ನೀವ ಇಡ್ರಿ."

"ಮತ್ತ ನನ್ನ ಕಲ್ಲಿಗೆ ಸುಣ್ಣ ಯಾಕ ಬಳದಿ?"

"ಬಸ್ಸು ಹೊರಗ ತಗಿಯಾಗ ಕಾಣಬೇಕಲ್ರಿ ಯವ್ವಾ! ಒಂದು ಕಲ್ಲು ಮುರದ್ರ ನೀವು ನನ್ನ ಜೀವಂತ ಬಿಡ್ತೀರೇನು?"

ನಾನು ನಂಬಲಿಲ್ಲ. ಆದರೂ ಅಮಾವಾಸ್ಯೆಗೆ ಗಾಲಿ ಬಂದವು. ಸಂತೆಯಲ್ಲಿ ನಾನೇ ಗಟ್ಟಿ ನಿಂಬೆಹಣ್ಣು ನಾಲ್ಕು ಆರಿಸಿ ತಂದು, ಮುಂದೆರಡು, ಹಿಂದೆರಡು ಗಾಲಿಯಡಿಗೆ ಇಟ್ಟೆ. ಸುಮ್ಮನೆ ಇಂಜಿನ್ ಚಾಲೂ ಮಾಡಿ ಪೂಜೆ ಮುಗಿಸಿದರೆ ಹಣ್ಣು ಹಾಗೇ ಉಳಿಯುತ್ತವೆ. ನೋಡೋಣ ಅಂತ ನಿಂತೆ.

ಮೌನೇಶ್ವರಿ ಕಿಟಕಿ ಪಕ್ಕದ ಆ ಒಂದೇ ಸೀಟಿನಲ್ಲಿ ಕುಳಿತಳು. ಗಂಡನ ಬಸ್ಸಿನಲ್ಲಿ ಅವಳಿಗೆ ಯಾವತ್ತೂ ಕೂಡಲು ಜಾಗ ಸಿಕ್ಕಿರಲಿಲ್ಲವಂತೆ. ಬಸ್ಸು ಒಮ್ಮೆ ನಡುಗಿ ಮುಂದೆ ಸರಿಯಿತು. ಬಗ್ಗಿ ನೋಡಿದೆ. ನಾಲ್ಕೂ ಹಣ್ಣು ಅಪ್ಪಚ್ಚಿ.

ರಸ್ತೆಗೆ ಹೋದ ಬಸ್ಸು ಮತ್ತೆ ನಿಂತಿತು. ತಿರುಗಿ ಬಂದನೋ ಅಂತ ಓಡಿದೆ. ಮೌನೇಶ್ವರಿ ಕಿಟಕಿಯಿಂದ ಕೂಗಿದಳು: "ದೇವದುರ್ಗದ ಮ್ಯಾಲ ಹೊಂಟೀವ್ರಿ. ಸವಿತಾಗ ಏನರ ಕೊಡೂದದೇನ್ರಿ?"

"ಏನಿಲ್ಲ, ಹೋಗ್ರಿ" ಅಂದೆ.

ಬಸ್ಸು ಮರೆಯಾದ ಮೇಲೆ ನಾಲ್ಕೂ ಮೂಲೆ ಅಳೆದೆ. ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ. ಬಸ್ಸಿನಡಿಗೆ ಕೊಟ್ಟಿದ್ದ ಕಲ್ಲು ಮಾತ್ರ ಅಲ್ಲೇ ಬಿದ್ದಿದ್ದವು. ಮತ್ತೆ ಬರುವ ಹುನ್ನಾರವೇ ಇರಬೇಕು. ಅವನ್ನು ಹೊರಗೆ ಒಗೆಯಲಿಲ್ಲ. ನಮ್ಮ ಗೋಡೆಗೆ ಹಚ್ಚಿ ಒಂದರ ಮೇಲೊಂದು ಒಟ್ಟಿದೆ. ಬಂದರೆ ಬೇಕಾಗುತ್ತವೆ.