ಹಾಲಿನ ಗಡಿಗೆಯ ಮೇಲೆ ಕಾಗದದ ಬುಟ್ಟಿ

ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ನಮ್ಮ ಮನೆಯ ಹಳೆಯ ನೋಟಬುಕ್ಕುಗಳೆಲ್ಲ ನೀರಿನಲ್ಲಿ ಮಲಗಿದ್ದವು. ಅಂಗಳದ ನಿಂಬೆಗಿಡದ ನೆರಳಿನಲ್ಲಿ ಒಂದು ಬಾನಿ. ಅದರ ತುಂಬ ಅಕ್ಕನ ಭೂಗೋಳ, ನನ್ನ ಎರಡನೇ ಇಯತ್ತೆಯ ಲೆಕ್ಕ, ಅಂಗಡಿಯವರು ಸಕ್ಕರೆ ಕಟ್ಟಿಕೊಟ್ಟ ಕಾಗದ, ಹೋದ ವರ್ಷದ ಕ್ಯಾಲೆಂಡರು. ಮಸಿ ಬಿಟ್ಟು ನೀರು ತೆಳು ನೀಲಿಯಾಗಿತ್ತು. ಬಗ್ಗಿ ನೋಡಿದರೆ ಆಕಾಶವೂ ಅದರೊಳಗೆ ನೆನೆಯುತ್ತಿರುವಂತೆ ಕಾಣುತ್ತಿತ್ತು. ಕೈಯಾಡಿಸಿದರೆ ನಾನು ತಪ್ಪು ಮಾಡಿದ್ದ ಲೆಕ್ಕಗಳೆಲ್ಲ ಕರಗಿ ಬೆರಳ ಸಂದಿಯಲ್ಲಿ ಜಾರಿ ಹೋಗುತ್ತಿದ್ದವು.

ಇಂಡಿ ಕಡೆಯ ನಮ್ಮ ಹಳ್ಳಿಯಲ್ಲಿ ಬಿಸಿಲು ಬಲಿಯಿತೆಂದರೆ ಮುದುಕಿಯರಿಗೆ ಕಾಗದದ ಬುಟ್ಟಿಯ ಕೆಲಸ. ನಾಲ್ಕು ದಿನ ನೆನೆದ ಕಾಗದಕ್ಕೆ ನೆನೆಸಿದ ಮೆಂತ್ಯ ಸೇರಿಸಿ ಒರಳಿನಲ್ಲಿ ರುಬ್ಬಿದರೆ ಮೆತ್ತನೆಯ ಮುದ್ದೆಯಾಗುತ್ತದೆ. ಅದನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ತಟ್ಟಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಬಿಡಿಸಿಕೊಂಡರೆ ಬುಟ್ಟಿ. ಸೂಜಿ ಬೇಡ, ಕತ್ತರಿ ಬೇಡ. ಕಣ್ಣು ಮಂಜಾದವರೂ ಮಾಡಬಹುದು. ಮಧ್ಯಾಹ್ನ ಉಂಡ ಮೇಲೆ ಓಣಿಯ ಮುದುಕಿಯರು ಒಂದೊಂದು ಪಾತ್ರೆ ಹಿಡಿದು ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಮೂರು ದಿನ ಬಿಟ್ಟು ಪಾತ್ರೆ ಒಂದು ಕೈಯಲ್ಲಿ, ಬುಟ್ಟಿ ಇನ್ನೊಂದು ಕೈಯಲ್ಲಿ, ನಗುತ್ತ ಮನೆಗೆ ಹೋಗುತ್ತಿದ್ದರು.

ಇದರಲ್ಲಿ ಪಳಗಿದವಳು ಎದುರುಮನೆಯ ಚಾಚಿ. ಅವಳದು ಒಂದೇ ಕಟ್ಟಪ್ಪಣೆ. "ಗಡಿಗಿ ಹೊಟ್ಟಿ ಮಟಾ ಅಷ್ಟ ಹಚ್ಚರಿ. ಹೊಟ್ಟಿ ದಾಟಿತಂದ್ರ ದಪ್ಪ ಸಾವಕಾರ ಸಣ್ಣ ಅಂಗಿ ತೊಟ್ಟಂಗ ಆಗ್ತೈತಿ. ಹರೀಬೇಕ ಹೊರತು ಬಿಚ್ಚಾಕ ಬರೂದಿಲ್ಲ!"

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮಾತ್ರ ಕಟ್ಟೆಗೆ ಬರುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಲಕ್ವಾ ಹೊಡೆದು ಅವಳ ಬಲಗೈ ನಿಂತುಹೋಗಿತ್ತು. ಅದಕ್ಕೂ ಮೊದಲು ಅವಳು ರೊಟ್ಟಿ ಬಡಿಯುವ ಸಪ್ಪಳ ಓಣಿಯ ಆ ತುದಿಗೆ ಕೇಳುತ್ತಿತ್ತು. ಈಗ ಆ ಕೈ, ಬೇರೆ ಯಾರದೋ ಮಗುವನ್ನು ಮಲಗಿಸಿಕೊಂಡ ಹಾಗೆ, ಅವಳ ಮಡಿಲಲ್ಲಿ ಇರುತ್ತಿತ್ತು. ಯಾರಾದರೂ ಬಂದರೆ ಅದರ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಆಡಿಸಿದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು, ಆಯಿ ಆಡಿಸುತ್ತಿರಲಿಲ್ಲ. ಆ ಕೈ ಎದ್ದು ಮತ್ತೆ ನನ್ನ ತಲೆ ಬಾಚಬೇಕು ಎಂಬುದೊಂದೇ ನನ್ನ ಆಸೆ.

ಚಾಚಿ ಕಟ್ಟೆಯಿಂದಲೇ ಕೂಗುತ್ತಿದ್ದಳು. "ಏ ಗೆಳತಿ, ನಿನ್ನ ಕೈಗಿ ಸರಕಾರಿ ನೌಕರಿ ಹತ್ತೇತೇನ? ಕುಂತಲ್ಲೇ ಉಣ್ಣಾಕತ್ತೇತಿ!"

"ನಿನ್ನ ಬಾಯಿಗಿ ಒಂದಿನರೆ ಸೂಟಿ ಕೊಡ," ಎಂದು ಆಯಿ ಒಳಗಿನಿಂದ ಉತ್ತರಿಸುತ್ತಿದ್ದಳು. ಮಾತು ಹೊರಗೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ.

ಒಂದು ದಿನ ಅಪ್ಪ ಅವ್ವ ನಿಂಬೆಹಣ್ಣು ಒಯ್ದು ಇಂಡಿಯ ಸಂತೆಗೆ ಹೋಗಿದ್ದರು. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ನಾನು ಕಾಗದದ ಮುದ್ದೆಯೊಂದನ್ನು ತಂದು ಆಯಿಯ ಬಲ ಅಂಗೈಯಲ್ಲಿ ಇಟ್ಟೆ.

"ತಂಪ ಐತಿ," ಎಂದಳು. ಕಣ್ಣು ಮುಚ್ಚಿದಳು. ಒಂದಿಷ್ಟು ಹೊತ್ತಾದ ಮೇಲೆ ಅವಳ ಹೆಬ್ಬೆರಳು ಮುದ್ದೆಯೊಳಗೆ ಮೆಲ್ಲಗೆ ಇಳಿಯಿತು.

"ಆಯಿ, ಬುಟ್ಟಿ ತಟ್ಟತಿಯೇನ?"

"ಎದರ ಮ್ಯಾಲ ತಟ್ಟಲಿ? ನಿನ್ನ ತಲಿ ಮ್ಯಾಲೇನ?"

ನಾನು ಪಾತ್ರೆ ಹುಡುಕಲು ಓಡಿದೆ. ಕೊಡಗಳಲ್ಲಿ ನೀರಿತ್ತು, ಗಡಿಗೆಗಳಲ್ಲಿ ಬೇಳೆ, ನುಚ್ಚು. ಬರಿದಾಗಿದ್ದದ್ದು ಒಂದೇ: ತೊಳೆದು ಬಿಸಿಲಿಗೆ ಇಟ್ಟಿದ್ದ ಹಾಲಿನ ಗಡಿಗೆ. ಅವ್ವ ಆ ಮಣ್ಣಿನ ಗಡಿಗೆಯನ್ನು ತಾಂಬಾ ಎಂಬ ಊರಿನ ತವರುಮನೆಯಿಂದ ತಂದಿದ್ದಳು. ಕೊಟ್ಟ ಅವಳ ತಾಯಿ ಈಗ ಇರಲಿಲ್ಲ. ಸಂಜೆ ಕರೆದ ಹಾಲನ್ನು ಅದರಲ್ಲಿ ಹೊಯ್ದು ಸಗಣಿ ಕುಳ್ಳಿನ ಸಣ್ಣ ಬೆಂಕಿಯ ಮೇಲೆ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಹಾಲು ಕೆಂಪಗಾಗಿ ಮೇಲೆ ರೊಟ್ಟಿಯಷ್ಟು ದಪ್ಪ ಕೆನೆ ನಿಂತಿರುತ್ತಿತ್ತು. ಬೇರೆ ಪಾತ್ರೆಯಲ್ಲಿ ಕಾಸಿದರೆ ಆ ರುಚಿ ಬರುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆ ಹೆಬ್ಬೆರಳು ಇನ್ನೊಂದು ಗಡಿಗೆ ಸಿಗುವ ತನಕ ಕಾಯುತ್ತದೆಯೇ?

ಗಡಿಗೆಯನ್ನು ಬೋರಲು ಹಾಕಿ ಆಯಿಯ ಮುಂದಿಟ್ಟೆ. ನಾನು ಉಂಡೆ ಮಾಡಿಕೊಟ್ಟೆ, ಅವಳು ತಟ್ಟಿದಳು. ಮೊದಮೊದಲು ಎಡಗೈ ಬಲಗೈಯನ್ನು ಹಿಡಿದುಕೊಂಡು ನಡೆಸಿತು. ಆಮೇಲೆ ಯಾವಾಗಲೋ ಬಿಟ್ಟಿತು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲು ನೆಲದ ಮೇಲೆ ಸರಿಯುತ್ತ ಬಂದು ಗಡಿಗೆಯನ್ನು ಮುಟ್ಟಿತು. ಮೆಂತ್ಯದ ಕಹಿ ವಾಸನೆ, ಒದ್ದೆ ಕಾಗದದ ವಾಸನೆ, ಹೊರಗೆ ಮುದುಕಿಯರ ಗುಜುಗುಜು, ಒಳಗೆ ಪಚ್, ಪಚ್ ಎನ್ನುವ ಮೆತ್ತಗಿನ ಸಪ್ಪಳ. ನಾವಿಬ್ಬರೂ ನಿದ್ದೆಯಲ್ಲಿ ಕೆಲಸ ಮಾಡುತ್ತಿದ್ದಂತೆ ಇತ್ತು.

ಗಡಿಗೆಯ ಹೊಟ್ಟೆ ಬಂತು. ಚಾಚಿಯ ಮಾತು ನೆನಪಾಯಿತು. ಸಾಕು ಎನ್ನಬೇಕಿತ್ತು. ಸಾಕು ಎಂದರೆ ಕೈ ಮತ್ತೆ ಮಲಗಿಬಿಟ್ಟರೆ? ಇನ್ನೊಂದು ಉಂಡೆ ಕೊಟ್ಟೆ. ಮತ್ತೊಂದು ಕೊಟ್ಟೆ. ರುಬ್ಬಿದ ಮುದ್ದೆಯೆಲ್ಲ ಮುಗಿದಾಗ ಕಾಗದ ಗಡಿಗೆಯ ಕುತ್ತಿಗೆ ಮುಟ್ಟಿತ್ತು.

ಸಂಜೆ ಬಸ್ಸಿನಿಂದ ಇಳಿದು ಬಂದ ಅವ್ವ ಎಮ್ಮೆ ಕರೆದು, ಹಾಲಿನ ಗಡಿಗೆ ಹುಡುಕಿದಳು. ಕಂಡಾಗ ಅವಳ ಮುಖ ಕಪ್ಪಿಟ್ಟಿತು. ಕಾಗದ ಇನ್ನೂ ಹಸಿ. ಒಂದು ಕೊಡ ನೀರು ಸುರಿದರೆ ತೊಳೆದು ಹೋಗುತ್ತಿತ್ತು. ಅವಳು ಬಗ್ಗಿದಳು, ಹಾಗೇ ನಿಂತಳು. ಕಾಗದದ ಮೇಲೆ ಬೆರಳಿನ ಗುರುತುಗಳಿದ್ದವು, ಕೆಲವು ಆಳವಾಗಿ, ಕೆಲವು ಗುಬ್ಬಿ ನಡೆದು ಹೋದಂತೆ ಹಗುರವಾಗಿ.

"ಯಾರ ತಟ್ಟ್ಯಾರ ಇದನ್ನ?"

ನಾನು ಒಳಕ್ಕೆ ಬೆರಳು ತೋರಿಸಿದೆ. ಅವ್ವ ಹಾಲನ್ನು ಅಲ್ಯೂಮಿನಿಯಮ್ಮಿನ ಜರ್ಮನ್ ಪಾತ್ರೆಗೆ ಹೊಯ್ದು ಒಲೆಯ ಮೇಲಿಟ್ಟಳು.

ಮೂರನೇ ದಿನ ಬುಟ್ಟಿ ಒಣಗಿ, ತಟ್ಟಿದರೆ ಟಕ್ ಎನ್ನುತ್ತಿತ್ತು. ಚಾಚಿ ಬಂದು ಹಿಡಿದಳು, ತಿರುವಿದಳು, ಎಳೆದಳು. ಕಾಗದ ಒಣಗಿ ಬಿಗಿದು ಗಡಿಗೆಯನ್ನು ಅಪ್ಪಿಕೊಂಡಿತ್ತು. "ಸಾವಕಾರ ಅಂಗಿ ತೊಟ್ಟ ಬಿಟ್ಟಾನವ್ವಾ," ಎಂದಳು. "ಎರಡರಾಗ ಒಂದ ಅಷ್ಟ ಉಳೀತೈತಿ. ಇಲ್ಲಾ ಗಡಿಗಿ, ಇಲ್ಲಾ ಬುಟ್ಟಿ."

ಆಗ ಆಯಿ ಗೋಡೆ ಹಿಡಿದುಕೊಂಡು ತಾನೇ ಹೊಸ್ತಿಲಿಗೆ ಬಂದಳು. "ನೀರಾಗ ಇಡ್ರಿ. ಕಾಗದ ಕರಗಿ ಹೋಗ್ಲಿ. ಸೊಸಿ ತವರಮನಿ ಗಡಿಗಿ ಅದು. ನಂದೇನ ಮಹಾ, ಹುಡುಗಾಟ." ಹೇಳುತ್ತಲೇ ಬಲಗೈಯ ಮೇಲೆ ಸೆರಗು ಎಳೆದುಕೊಂಡಳು.

ಅಕ್ಕ ನೀರಿನ ಕೊಡ ತಂದಳು. ನನಗೆ ಅಳು ಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅವ್ವ ಗಡಿಗೆಯನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಕೈಯಲ್ಲಿ ಬೆಳ್ಳುಳ್ಳಿ ಜಜ್ಜುವ ಕಲ್ಲು. ಗಡಿಗೆಯ ಬಾಯಿಯೊಳಗೆ ಕೈ ಇಳಿಸಿ ಒಂದು ಏಟು ಹಾಕಿದಳು. ಕಾಗದದೊಳಗಿನಿಂದ ಮುಚ್ಚಿದ ಬಾಯಿಯ ಕೆಮ್ಮಿನಂಥ ಸದ್ದು ಬಂತು.

"ಏ ಹುಚ್ಚಿ! ಏನ ಮಾಡಾಕತ್ತಿ?" ಆಯಿ ಚೀರಿದಳು.

"ಗಡಿಗಿ ಒಡ್ಯಾಕತ್ತೇನ್ರಿ ಅತ್ತಿ. ಕಾಣವಲ್ದೇನ್ರಿ?"

"ನಿಮ್ಮವ್ವ ಕೊಟ್ಟದ್ದದು!"

"ನಮ್ಮವ್ವ ಇದ್ದಿದ್ರ ಎರಡನೇ ಏಟ ಆಕಿನ ಹಾಕ್ತಿದ್ಲು," ಎಂದು ಅವ್ವ ಎರಡನೇ ಏಟು ಹಾಕಿದಳು.

ಚೂರುಗಳನ್ನು ಒಂದೊಂದಾಗಿ ಗಡಿಗೆಯ ಬಾಯಿಯಿಂದ ಹೊರಗೆ ತೆಗೆದಳು. ಅಕ್ಕ ಕುಂಟಾಟಕ್ಕೆ ಒಂದು ಒಳ್ಳೆಯ ಬಿಲ್ಲೆ ಆರಿಸಿಕೊಂಡಳು. ಅವ್ವ ಹೊಗೆ ಹಿಡಿದ ಒಂದು ಚೂರನ್ನು ಮೂಗಿನ ಹತ್ತಿರ ಹಿಡಿದು, ಒಂದು ಕ್ಷಣ ಮೂಸಿ, ಉಳಿದವುಗಳ ಜೊತೆ ಹಾಕಿದಳು. ಆಮೇಲೆ ಹೂವಿನಷ್ಟು ಹಗುರವಾಗಿದ್ದ ಆ ಕಾಗದದ ಗಡಿಗೆಯನ್ನು ಆಯಿಯ ಮಡಿಲಲ್ಲಿಟ್ಟಳು. ಅದನ್ನು ಹಿಡಿಯಬೇಕಲ್ಲ? ಆಯಿಯ ಬಲಗೈ ಸೆರಗಿನ ಕೆಳಗಿನಿಂದ ಹೊರಗೆ ಬಂತು.

ಮರುದಿನ ಮಧ್ಯಾಹ್ನ ಆಯಿ ಕಟ್ಟೆಯ ಮೇಲೆ ಚಾಚಿಯ ಪಕ್ಕದಲ್ಲಿ ಕುಳಿತಿದ್ದಳು. "ನೌಕರಿ ಬಿಟ್ಟ ಬಂದಿಯೇನವ್ವಾ?" ಎಂದು ಚಾಚಿ ಕಾಡಿಸಿದಳು. ಆ ಕೈ ಪೂರ್ತಿ ಏಳಲೇ ಇಲ್ಲ. ಆದರೆ ಶ್ರಾವಣದ ಹೊತ್ತಿಗೆ ತಲೆ ಬಾಚುವ ಹಣಿಗೆ ಹಿಡಿಯಿತು. ನನ್ನ ಬೈತಲೆ ದಿನಾ ವಾರೆಯಾಗುತ್ತಿತ್ತು; ನಾನು ಹಾಗೇ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಹಾಲು ಬೆಳ್ಳಗೆ ಉಳಿಯಿತು. ಯಾರೂ ರುಚಿಯ ಮಾತು ಎತ್ತಲಿಲ್ಲ.

ಮೊಮ್ಮಕ್ಕಳೇ, ಈಗ ನಾನೂ ಆಯಿ. ಶನಿವಾರ ಶನಿವಾರ ಊರಿನ ಹಿರಿಯರೆಲ್ಲ ಸೇರುವಲ್ಲಿಗೆ ಹೋಗಿ, ಕಾಗದದ ಹೂವು, ಐಸ್‌ಕ್ರೀಮ್ ಕಡ್ಡಿಯ ಪೆನ್ ಸ್ಟ್ಯಾಂಡು, ಬಣ್ಣದ ಮೇಣದಬತ್ತಿ ಮಾಡಿ ಮನೆಗೆ ತರುತ್ತೇನೆ. "ಆಯಿ ಹೋಮ್‌ವರ್ಕ್ ಮಾಡಿಕೊಂಡು ಬಂದಳು" ಎಂದು ನೀವು ನಗುತ್ತೀರಿ. ಅಲ್ಲಿ ಎಲ್ಲವೂ ಕತ್ತರಿಸಿಯೇ ಬರುತ್ತದೆ, ಅಂಟೂ ಜೊತೆಗೇ ಇರುತ್ತದೆ. ಅಚ್ಚುಗಳು ರಬ್ಬರಿನವು, ಸ್ವಲ್ಪ ಬಗ್ಗಿಸಿದರೆ ಮಾಡಿದ್ದು ತಾನಾಗಿ ಹೊರಗೆ ಬರುತ್ತದೆ, ಅಚ್ಚು ಮೊದಲಿದ್ದಂತೆಯೇ ಇರುತ್ತದೆ. ಹೊಸದು ಬಂದ ವಾರ ಹಳೆಯದನ್ನು ನಾನೇ ಕಸಕ್ಕೆ ಹಾಕುವಾಗ ನೀವು "ಅಯ್ಯೋ" ಎನ್ನುತ್ತೀರಿ. ನನಗೇನೂ ಅನಿಸುವುದಿಲ್ಲ. ಅದಕ್ಕಾಗಿ ಯಾರ ಮನೆಯಲ್ಲೂ ಏನೂ ಒಡೆದಿಲ್ಲ.