ಕಾವ್ಯ ಎಳೆದ ಮಾರ್ಜಿನ್

ಇಪ್ಪತ್ತು ವರ್ಷ ವಿಜಯನಗರದಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡಿ, ನಲವತ್ತಾರನೇ ವಯಸ್ಸಿಗೆ ಪಿಎಚ್‌ಡಿಗೆ ಸೇರಿದೆ. ಕೆಂಗೇರಿಯಾಚೆಯ ಡಿಎನ್‌ಎ ಲ್ಯಾಬಲ್ಲಿ ನನಗೆ ಕೆಲಸ ಕಲಿಸೋ ಸೀನಿಯರ್ ಯಾರು ಅಂತ ನೋಡಿದರೆ, ನನ್ನ ಹಳೇ ಸ್ಟೂಡೆಂಟ್ ಕಾವ್ಯ. ಮಾರ್ಜಿನ್ ಎಳೆದಿಲ್ಲ ಅಂತ ಅವಳ ಕೈಲಿ ಇಡೀ ಪ್ರಾಕ್ಟಿಕಲ್ ರೆಕಾರ್ಡ್ ಮೂರು ಸಲ ಬರೆಸಿದ್ದೆ. ಅದು ಅವಳಿಗೆ ಮರೆತುಹೋಗಿರಲಪ್ಪಾ ಅಂದುಕೊಂಡೆ.

ಮೊದಲ ಶನಿವಾರ ಅವಳು ನನ್ನ ಲ್ಯಾಬ್ ನೋಟ್‌ಬುಕ್ ತೆರೆದಳು. ತಪ್ಪಾದ ಕಡೆಯೆಲ್ಲ ನಾನು ನೀಟಾಗಿ ವೈಟ್ನರ್ ಹಚ್ಚಿದ್ದೆ.

"ಇಲ್ಲಿ ತಪ್ಪನ್ನ ಮುಚ್ಚೋ ಹಾಗಿಲ್ಲ ಮೇಡಂ. ಓದೋಕೆ ಬರೋ ಹಾಗೆ ಒಂದೇ ಗೆರೆ ಹೊಡೀಬೇಕು."

"ಇನ್ನೊಂದು ಸಲ ಬರೆದುಕೊಡ್ಲಾ?"

"ಬೇಡ ಮೇಡಂ, ಕೈ ನೋಯುತ್ತೆ. ನನಗೆ ಗೊತ್ತು."

ಆಮೇಲೆ ಡ್ರಾಯರ್‌ನಿಂದ ಸ್ಕೇಲ್ ತೆಗೆದು, ಪುಟಕ್ಕೆ ನೆಟ್ಟಗೆ ಮಾರ್ಜಿನ್ ಎಳೆದು, ಅದರಾಚೆ ಸೈನ್ ಹಾಕಿದಳು. ಪಾಠ ಚೆನ್ನಾಗೇ ಮಾಡಿದ್ದೆ ಅನ್ನಿ.